ಒಂಬತ್ತನೆಯ ಸಾಲು

ಇವತ್ತು ಅಮ್ಮನ ಉತ್ತರ ಬರದಿದ್ದರೆ?

ಐರೋಲಿ ಸ್ಟೇಷನ್ನಿನ ಮೆಟ್ಟಿಲ ಬಳಿ ನಿಂತು ಪ್ರೇಕ್ಷಾ ದಿನವೂ ತನ್ನನ್ನೇ ಕೇಳಿಕೊಳ್ಳುವ ಪ್ರಶ್ನೆ ಅದು. ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿ. ಇಳಿದ ಕೂಡಲೇ ‘ತಲುಪಿದೆ ಅಮ್ಮ’ ಎಂದು ಹೆಬ್ಬೆರಳಿನಲ್ಲಿ ಒತ್ತಿ ಕಳಿಸುವುದು ಕಾಲೇಜಿನ ದಿನಗಳಿಂದ ಬಂದ ರೂಢಿ. ಲೋಕಲ್ ಗಾಡಿಯನ್ನು ನಂಬಿ ಬದುಕುವ ಮನೆಗಳಲ್ಲಿ ಅದೊಂದು ಸಂಧ್ಯಾವಂದನೆ. ಅಮ್ಮನ ಉತ್ತರಕ್ಕೆ ಹತ್ತು ನಿಮಿಷವಾದರೂ ಹಿಡಿಯುತ್ತದೆ. ಒದ್ದೆ ಕೈ ಒರೆಸಿ, ಕನ್ನಡಕ ಹುಡುಕಿ, ಒಂದೊಂದೇ ಅಕ್ಷರ ಕುಟ್ಟುವವರ ಲೆಕ್ಕ ಅದು.

ಕಚೇರಿಯ ಲಿಫ್ಟಿನಲ್ಲಿ ಫೋನು ಮಿಡಿಯಿತು. ‘ಕೊಡೆ ತೆಗೊಂಡಿದ್ದೀಯಾ? ಮಳೆ ಬರ್ತದೆ.’

ಹೊರಗೆ ಮೇ ತಿಂಗಳ ಬಿಸಿಲಿಗೆ ಕಿಟಕಿಯ ಗಾಜು ಆಗಲೇ ಸುಡುತ್ತಿತ್ತು. ಪ್ರೇಕ್ಷಾಳಿಗೆ ನಗು ಬರಲಿಲ್ಲ. ಚೀಲದಿಂದ ಡೈರಿ ತೆಗೆದು ನಿಂತಲ್ಲೇ ‘ಬಂತು’ ಎಂದು ಬರೆದಳು. ಹಿಂದಿನ ಪುಟಗಳಲ್ಲೂ ಅಷ್ಟೇ ಇತ್ತು. ಬಂತು. ಬಂತು. ಬಂತು.

ಹತ್ತೂವರೆಗೆ ಶ್ರೀನಿ ಸರ್ ತಮ್ಮ ತಂಡವನ್ನೆಲ್ಲ ದೊಡ್ಡ ಪರದೆಯ ಮುಂದೆ ಕೂರಿಸಿದರು. ಕಂಪನಿಯ ಸರ್ವರುಗಳು, ಡೇಟಾಬೇಸುಗಳು ಎಲ್ಲ ಇರುವುದು ಕ್ಲೌಡಿನಲ್ಲಿ. ಅಂದರೆ ಬೇರೆಯವರ ಜಾಗದಲ್ಲಿ ಬಾಡಿಗೆಗೆ. ಯಾರೋ ಎಂದೋ ತೆರೆದು ಮರೆತವು ಅಲ್ಲಿ ಸುಮ್ಮನೆ ಓಡುತ್ತಿದ್ದವು. ಅವನ್ನು ಹುಡುಕಿ ಅಳಿಸುವ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮು, ಬರೆಯುವ ಕೆಲಸ ಪ್ರೇಕ್ಷಾಳ ಪಾಲಿಗೆ ಬಂದಿತ್ತು. ಅಚ್ಚುಕಟ್ಟಾಗಿಯೇ ಬರೆದಿದ್ದಳು. ಪ್ರತಿಯೊಂದಕ್ಕೂ ಒಡೆಯರ ಹೆಸರಿನ ಚೀಟಿ ಇರಬೇಕು, ಇಲ್ಲದವು ಪಟ್ಟಿಗೆ. ಮೊದಲು ಡ್ರೈ ರನ್: ಏನನ್ನೂ ಅಳಿಸದೆ, ಏನೇನು ಅಳಿಸುತ್ತೇನೆಂದು ಹೇಳಿ ತೋರಿಸುವ ಓಟ. ‘ಇದೊಂದನ್ನು ಬಿಟ್ಟುಬಿಡು’ ಎಂದು ನಡುವೆ ಒಂದು ಸಾಲು ತೂರಿಸುವುದು ಅವಳಿಗೆ ಕಷ್ಟವಿರಲಿಲ್ಲ. ತೂರಿಸಲಿಲ್ಲ.

ಪರದೆಯ ಮೇಲೆ ಒಂಬತ್ತು ಸಾಲು ಬಂದವು. ಎಂಟಕ್ಕೆ ಒಬ್ಬೊಬ್ಬರಾಗಿ ಕೈ ಎತ್ತಿದರು. ಎಲ್ಲರೆದುರು ಹೆಸರು ಹೇಳಿದರು, ಉದ್ದೇಶ ಹೇಳಿದರು. ಒಂಬತ್ತನೆಯದು ಉಳಿಯಿತು.

ಅದು ಪ್ರೇಕ್ಷಾಳದು. ಅವಳ ಕೈ ಮಡಿಲಲ್ಲೇ ಇತ್ತು. ಹೆಸರು ಹೇಳಿದರೆ ಉದ್ದೇಶವನ್ನೂ ಹೇಳಬೇಕು.

“ಪುಟಾಣಿ ಡೇಟಾಬೇಸು,” ಶ್ರೀನಿ ಸರ್ ಕನ್ನಡಕ ಏರಿಸಿ ಓದಿದರು. “ಬೆಳಿಗ್ಗೆ ಒಂದ್ಸಲ ಏಳುತ್ತೆ, ಒಂದು ಮೆಸೇಜ್ ಕಳಿಸುತ್ತೆ, ಮಲಗುತ್ತೆ. ಶನಿವಾರ ಭಾನುವಾರ ರಜೆ ಬೇರೆ! ನಮಗಿಂತ ಸುಖವಾಗಿದೆ ಕಣ್ರೀ.”

ಪಕ್ಕದಲ್ಲಿದ್ದ ನಳಿನಿ ಪ್ರೇಕ್ಷಾಳನ್ನು ಮೊಣಕೈಯಿಂದ ತಿವಿದಳು. “ಇವಳದ್ದೇ ಇರ್ಬೇಕು ಸರ್! ಗಾಡಿ ಇಳಿದ ತಕ್ಷಣ ಅಮ್ಮನಿಗೆ ತಲುಪಿದೆ ಅಂತ ಹಾಕ್ತಾಳಲ್ಲ, ಅದಕ್ಕೂ ಸ್ಕ್ರಿಪ್ಟ್ ಬರೆದಿಟ್ಟಿದಾಳೆ. ಏನಮ್ಮಾ, ಹೌದಾ?”

ಎಲ್ಲರೂ ನಕ್ಕರು. ಪ್ರೇಕ್ಷಾ ಡೈರಿಯನ್ನು ಚೀಲದೊಳಗೆ ಇನ್ನಷ್ಟು ಕೆಳಗೆ ತಳ್ಳಿದಳು.

“ಹಾಗಿದ್ರೆ ಪಾಪ, ಆ ತಾಯಿ,” ಎಂದರು ಶ್ರೀನಿ ಸರ್. “ಆ ಕಡೆ ಯಾರೂ ಇಲ್ಲ ಅಂತ ಗೊತ್ತಿಲ್ದೆ ದಿನಾ ಮಾತಾಡ್ತಾ ಇರ್ತಾರೆ. ನೋಡಿ, ತಮಾಷೆ ಸಾಕು. ಯಾರದ್ದೂ ಅಲ್ಲ ಅಂದ್ರೆ ನಾಲ್ಕು ಗಂಟೆಗೆ ಹೋಗುತ್ತೆ. ಪ್ರೇಕ್ಷಾ, ನೀನೇ ಒತ್ತಬೇಕು.”

“ಕಾಪಿ ಇಡುವುದಾ ಸರ್?”

“ಹೇಳೋರು ಕೇಳೋರು ಇಲ್ಲದ್ದಕ್ಕೆ ಕಾಪಿ ಯಾಕಮ್ಮಾ?”

ಮಧ್ಯಾಹ್ನ ನಳಿನಿ ತನ್ನ ಡಬ್ಬಿಯ ಬಿಸಿಬೇಳೆಬಾತನ್ನು ಮುಂದೆ ತಳ್ಳಿದಳು. ಪ್ರೇಕ್ಷಾಳ ಎದುರು ಕ್ಯಾಂಟೀನಿನ ವಡಾಪಾವ್ ಇತ್ತು.

“ನಿಮ್ಮಮ್ಮ, ಲೋಲಾಕ್ಷಿ ಆಂಟಿ, ಕಟ್ಟಿಕೊಡ್ತಿದ್ದ ನೀರುದೋಸೆಯ ರುಚಿಯೇ ಮರೆತುಹೋಯ್ತು ಕಣೇ. ಹೋದ ಮೇನಲ್ಲಿ ಊರಲ್ಲಿ ಮದುವೆ ಅಂತ ಹದಿಮೂರು ದಿನ ಹೋಗಿ ಬಂದ್ಯಲ್ಲ, ಆಮೇಲೆ ನಿನ್ನ ಡಬ್ಬಿಯೇ ಕಂಡಿಲ್ಲ. ಎಂಥದು ಮಾರಾಯ್ತಿ, ಅಮ್ಮ ಮಗಳ ಜಗಳ ಉಂಟಾ?” ನಳಿನಿ ಮೈಸೂರಿನವಳು, ಕರಾವಳಿಯ ಧಾಟಿಯನ್ನು ಅಣಕಿಸುವುದೆಂದರೆ ಅವಳಿಗೆ ಖುಷಿ.

“ಜಗಳ ಎಂಥದ್ದೂ ಇಲ್ಲ.”

“ಹಾಗಾದ್ರೆ ನಾನು ಕೇಳಿದೆ ಅಂತ ಹೇಳು.”

“ಹೇಳ್ತೇನೆ,” ಎಂದು ಪ್ರೇಕ್ಷಾ ವಡಾಪಾವ್ ಕಚ್ಚಿದಳು. ಖಾರವೋ ಸಪ್ಪೆಯೋ ತಿಳಿಯಲಿಲ್ಲ.

ನಾಲ್ಕು ಗಂಟೆಗೆ ಶ್ರೀನಿ ಸರ್ ಬಂದು ಅವಳ ಕುರ್ಚಿಯ ಹಿಂದೆ ನಿಂತರು. ನಳಿನಿಯೂ ಇಣುಕಿದಳು. ಡ್ರೈ ರನ್ ಎಂಬೆರಡು ಪದ ತೆಗೆದರೆ ಸಾಕು, ಓಟ ನಿಜದ್ದಾಗುತ್ತದೆ. ಪ್ರೇಕ್ಷಾ ತೆಗೆದಳು. ಎಂಟರ್ ಕೀಲಿಯ ಮೇಲೆ ಬೆರಳು ಕುಳಿತಿತು. ಹೆದರಿಕೆ ಇರಲಿಲ್ಲ, ಸಂಕಟವೂ ಇರಲಿಲ್ಲ. ತುಂಬಿದ ಗಾಡಿಯಲ್ಲಿ ನಿಂತೂ ನಿಂತೂ ಜೋಮು ಹಿಡಿದ ಕಾಲಿನ ಹಾಗೆ ಮೈಯೆಲ್ಲ. ನಾಳೆ ಐರೋಲಿಯಲ್ಲಿ ಇಳಿಯಬೇಕು. ಹತ್ತು ನಿಮಿಷ ಕಾಯಬೇಕು. ಆಮೇಲೆ ಇಪ್ಪತ್ತು. ಡೈರಿಯಲ್ಲಿ ಏನು ಬರೆಯುವುದು?

“ಒತ್ತಮ್ಮಾ.”

ಅವಳು ಬೆರಳು ಹಿಂತೆಗೆದಳು. “ಒಂಬತ್ತನೆಯದು ನನ್ನದು ಸರ್.”

“ನಾನು ಹೇಳ್ಲಿಲ್ವಾ!” ನಳಿನಿ ಚಪ್ಪಾಳೆ ತಟ್ಟಿದಳು. “ತಲುಪಿದೆ ಸ್ಕ್ರಿಪ್ಟು!”

“ತಲುಪಿದೆ ಅಂತ ನಾನೇ ಟೈಪ್ ಮಾಡುವುದು. ದಿನಾಲೂ.”

ಶ್ರೀನಿ ಸರ್ ಪರದೆಯಲ್ಲಿ ಉದ್ದೇಶದ ಖಾಲಿ ಚೌಕಕ್ಕೆ ಬೆರಳಿಟ್ಟರು. “ಮತ್ತೆ ಇದು ಏನನ್ನ ಕಳಿಸುತ್ತೆ?”

“ಉತ್ತರ. ಅಮ್ಮನ ಹಳೆಯ ಮೆಸೇಜುಗಳಲ್ಲಿ ಒಂದು,” ಎಂದಳು ಪ್ರೇಕ್ಷಾ. “ಅಮ್ಮ ತೀರಿಹೋಗಿ ಒಂದು ವರ್ಷ ಆಯ್ತು ಸರ್.”