ಒದ್ದೆ ಹೂವು

ಗುಹೆಯ ನರಸಿಂಹನ ನೆತ್ತಿಯ ಮೇಲಿಟ್ಟಿದ್ದ ಒದ್ದೆ ಹೂವು ಜಾರಿ ಸುಮಾಳ ಎಡಕ್ಕೆ ಬಿತ್ತು. ಅವಳ ಮುಖ ಬಾಡಿತು. ಬಲಕ್ಕೆ ಬಿದ್ದರೆ ದೇವರ ಅಪ್ಪಣೆ, ಯಶವಂತಪುರದ ಮೇಲೆ ಹಾಯುವ ಮೆಟ್ರೋ ರೈಲು ಓಡಿಸುವ ಕೆಲಸಕ್ಕೆ ಸೇರಬಹುದು; ಎಡಕ್ಕೆ ಬಿದ್ದರೆ ಆ ಮಾತೇ ಬೇಡ ಎಂದು ಅತ್ತೆ ಮುನಿಕೃಷ್ಣಮ್ಮ ಹೇಳಿ ಕರೆತಂದಿದ್ದರು.

"ಆಯ್ತು ಬಿಡಿ ಅತ್ತೆ, ಹೋಗಲ್ಲ" ಎಂದಳು ಸುಮಾ.

ಸೊಸೆ ಕೆಲಸಕ್ಕೆ ಹೋಗುವುದು ಮೊದಲಿನಿಂದಲೂ ಇಷ್ಟವಿರದ ಮುನಿಕೃಷ್ಣಮ್ಮ ಬಿದ್ದ ಹೂವನ್ನೂ ಸ್ವಾಮಿಯ ಮುಖವನ್ನೂ ನೋಡಿದರು. ಅರ್ಚಕರು ನೀರು ತರಲು ಹೊರಗೆ ಹೋಗಿದ್ದರು. ಸುಮಾ ತಲೆ ಬಗ್ಗಿಸಿ ಗುಹೆಯ ಬಾಯಿಯ ಕಡೆ ತಿರುಗಿದಳು.

ಅತ್ತೆ ಅವಳ ಸೆರಗು ಹಿಡಿದು ನಿಲ್ಲಿಸಿದರು. ಬಿದ್ದ ಹೂವನ್ನು ಎತ್ತಿ ಅವಳ ಜಡೆಗೆ ಸಿಕ್ಕಿಸುತ್ತಾ, "ನೋಡ್ಬೇಕಾಗಿರೋದು ನಮ್ಮ ಬಲ ಅಲ್ಲ ಕಣಮ್ಮ. ಸ್ವಾಮಿ ನಮ್ಕಡೆ ಮುಖ ಮಾಡ್ಕೊಂಡು ಕೂತವ್ನೆ. ಅವನಿಗೆ ಇದೇ ಬಲಗಡೆ" ಎಂದರು.