ದೀಪ ದೊಡ್ಡದು ಮಾಡು

ಸೊಸೆ ಸುಚೇತಾಳ ಹೊಸ ಮನೆಗೆ ಕಾಲಿಟ್ಟಾಗ ಕೊಟ್ರಮ್ಮನ ಮನಸ್ಸು ಪಿಚ್ಚೆಂದಿತು. ದಾವಣಗೆರೆಯ ಈಗಿನ ಮನೆಗಳಂತೆ ಇದೂ ಹೇಳಿದ್ದನ್ನು ಹೇಳಿದಂತೆ ಮಾಡುವ ಮನೆ. "ಕುರ್ಚಿ" ಎಂದರೆ ಗೋಡೆಯೇ ಕುರ್ಚಿ ಕೊಡುತ್ತಿತ್ತು. ಅಂಥ ಮನೆಯಲ್ಲಿ ಸುಚೇತಾ ಕೇಳಿ ಪಡೆದದ್ದು ಒಂದು ಚಾಪೆ, ಒಂದು ದಿಂಬು, ಮೂಲೆಯಲ್ಲೊಂದು ಪುಟ್ಟ ದೀಪ, ಅಷ್ಟೆ.

"ಬಿಕೋ ಅಂತೈತಲ್ಲೇ ಮನಿ! ಒಂದು ಶೋಕೇಸಾದ್ರೂ ಬ್ಯಾಡ್ವಾ?"

"ಹಿಂಗಿದ್ರೇ ಹಾಯಾಗಿರುತ್ತೆ ಅತ್ತೆ. ನಡೀರಿ, ಸಂತೆಗೆ ಹೊತ್ತಾಯ್ತು."

ಹೊರಡುವಾಗ ಕೊಟ್ರಮ್ಮ ಅಭ್ಯಾಸಬಲದಿಂದ ಮನೆಗೆ ಹೇಳಿದಳು: "ದೀಪ ದೊಡ್ಡದು ಮಾಡಪ್ಪ." ಆರಿಸು ಎನ್ನುವುದು ಅಶುಭವೆಂದು ಅವಳ ಅಜ್ಜಿಯೂ ಹಾಗೇ ಹೇಳುತ್ತಿದ್ದಳು. ಹೊಸ ಮನೆಗೆ ಅದೆಲ್ಲಿ ಗೊತ್ತು?

ದೀಪದ ಕುಡಿ ಮೊಳದುದ್ದವಾಯಿತು, ಆಳೆತ್ತರವಾಯಿತು. ಬಿಸಿಯಿಲ್ಲದ ಬೆಳಕು ಬರಿಗೋಡೆಗಳ ಮೇಲೆ ಹರಿದು ಸೂರು ಮುಟ್ಟಿತು. ಅಡ್ಡ ಬರಲು ಒಂದು ಸಾಮಾನೂ ಇರಲಿಲ್ಲ. ಕೊಟ್ರಮ್ಮ ಬೆರಗಾಗಿ ಅಂಗೈ ನೋಡಿಕೊಂಡಳು. ಸುಕ್ಕುಗಳೆಲ್ಲ ಬಂಗಾರದ ಗೆರೆಗಳಾಗಿದ್ದವು.

"ಆರಿಸು ಅಂದ್ಬಿಡಿ ಅತ್ತೆ," ಸುಚೇತಾ ಪಿಸುಗುಟ್ಟಿದಳು.

"ನೀನೇ ಅನ್ನು."

ಆ ಬೆಳಕನ್ನು ಆರಿಸಲು ಇಬ್ಬರಿಗೂ ಮನಸ್ಸಾಗಲಿಲ್ಲ. ಸಂತೆ ಮರೆತು ಚಾಪೆಯ ಮೇಲೆ ಕುಳಿತರು. ಸುಚೇತಾ ನಗುತ್ತ ಕೇಳಿದಳು: "ಶೋಕೇಸು ಎಲ್ಲಿಡಿಸೋಣ?"

"ಜಾಗ ಎಲ್ಲೈತಿ?" ಅಂದಳು ಕೊಟ್ರಮ್ಮ. "ಮನಿ ತುಂಬೈತಲ್ಲೇ!"