ಕುಂಚ ಹಿಡಿದ ಕೈ

ಪಿಳ್ಳಪ್ಪನಿಗೆ ಆಯಸ್ಸು ಉಳಿದಿರಲಿಲ್ಲ. ಹಾಗಂತ ಆರು ವರ್ಷದ ಹಿಂದೆ ಡಾಕ್ಟರು ಹೇಳಿದ್ದರು. ಅದಕ್ಕೇ ಅವನು ತೋಟದ ಕುಂಚವನ್ನು ಮೊಮ್ಮಗಳು ಪವಳಿಯ ಕೈಗೆ ಕೊಟ್ಟ. ಆಗ ಅವಳಿನ್ನೂ ಹಾಲು ಕುಡಿಯುವ ಕೂಸು.

ಜೇನುಹುಳುಗಳು ಅಳಿದುಹೋದ ಮೇಲೆ ಮರಸೇಬಿನ ಪರಾಗವನ್ನು ಕ್ವಿನ್ಸ್ ಎಂಬ ಸೀಮೆಹಣ್ಣಿನ ಹೂವಿಗೆ ಮನುಷ್ಯರೇ ಕುಂಚದಿಂದ ಮುಟ್ಟಿಸಬೇಕು. ಅದರಿಂದ ಹುಟ್ಟುವ ಬೆರಕೆ ಗಿಡ, ಕುಂಚ ಹಿಡಿದವರು ಬದುಕಿರುವ ತನಕ ಮಾತ್ರ ಬದುಕುತ್ತದೆ. ಹಾಗಾಗಿ ನಂದಿ ಬೆಟ್ಟದ ಕೆಳಗಿನ ತೋಟಗಳಲ್ಲೆಲ್ಲ ಕೂಸುಗಳ ಮುಷ್ಟಿಯಲ್ಲೇ ಕುಂಚ ಹಿಡಿಸುತ್ತಾರೆ.

ಈಗ ಪವಳಿಗೆ ಜ್ವರ ಬಂದು ಇಳಿದೇ ಇಲ್ಲ. ಬೆಳಿಗ್ಗೆ ಪಕ್ಕದ ತೋಟದ ದೊಡ್ಡಕ್ಕ ಬುಟ್ಟಿ ಹಿಡಿದು ಬಾಗಿಲಿಗೆ ಬಂದಳು.

"ಕಾಯಿ ಈಗಲೇ ಕಿತ್ತುಬಿಡಿ. ಆಮೇಲೆ ಒಂದೂ ದಕ್ಕಲ್ಲ."

"ಮಗಳು ಹೇಗಿದ್ದಾಳೆ ಅಂತ ಕೇಳೋಕೆ ಬಾಯಿ ಬರಲ್ವಾ ನಿನಗೆ?" ಪವಳಿಯ ತಾಯಿ ಮುನಿರತ್ನಾ ಒದ್ದೆ ಬಟ್ಟೆ ಹಿಂಡುತ್ತಾ ಒಳಗಿನಿಂದಲೇ ರೇಗಿದಳು.

"ಕೇಳೋದೇನು ಬಂತು? ತೋಟದಲ್ಲೇ ಕಾಣ್ತಿದೆ."

ದೊಡ್ಡಕ್ಕ ಹೋದಳು. ಮುನಿರತ್ನಾ ಕಿಟಕಿ ಹಾಕಿಕೊಂಡಳು. ಹೊರಗೆ ಮರಗಳ ನಡುವೆ ಪಿಳ್ಳಪ್ಪ ಓಡಾಡುವುದು ಕೇಳಿಸುತ್ತಿತ್ತು.

"ಮಾವ, ಎಲೆ ಹಸಿರಿದೆಯಾ?"

"ಇದೆ ಕಣಮ್ಮ, ಹಸಿರಾಗೇ ಇದೆ."

ಅವನ ಕಾಲಡಿ ಒಣಗಿದ ಎಲೆ ಮುರಿಯುವ ಸದ್ದು ಅವಳಿಗೆ ಕೇಳಿಸಿತು. ಒದ್ದೆ ಬಟ್ಟೆಯನ್ನು ಮಗಳ ಹಣೆಗೆ ಹಾಕಿದಳು.

ಮಧ್ಯಾಹ್ನ ಮುನಿರತ್ನಾಳ ಅಳು ಕೇಳಿದಾಗ ಪಿಳ್ಳಪ್ಪ ಒಳಗೆ ಬರಲಿಲ್ಲ. ತಾನು ಹರೆಯದಲ್ಲಿ ಕುಂಚ ಹಿಡಿದು ಹುಟ್ಟಿಸಿದ್ದ ಒಂದೇ ಮರಕ್ಕೆ ಒರಗಿ ಕೂತ. ಅದರ ತುಂಬ ಕಾಯಿತ್ತು.

ಮಿಕ್ಕ ನಲವತ್ತೊಂದು ಮರ ಹೋದವು. ಒಂದು ಮಗು ಹೋಯಿತು.